ಅಲಿಬಾಗದಲ್ಲಿ ಭೂಮಿಯ ಹೊಸ್ತಿಲು

ಮುಂಬಯಿಯ ಕನ್ನಡಿಗರಿಗೆ ಅಲಿಬಾಗ ಹೊಸ ಊರೇನಲ್ಲ. ಎರಡು ದಿನ ರಜೆ ಕೂಡಿ ಬಂದರೆ ಸಾಕು, ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಲಾಂಚು ಹತ್ತುವವರು ನಮ್ಮಲ್ಲಿ ಬಹಳ ಮಂದಿ. ಸಮುದ್ರದಲ್ಲಿ ಕಾಲು ನೆನೆಸಿ, ಕೋಟೆ ನೋಡಿ, ಹೆಣೆದ ಬಿಳಿ ಉಳ್ಳಾಗಡ್ಡಿಯ ಒಂದು ಜಡೆಯನ್ನು ಕೊಂಡು ತಿರುಗಿ ಬಂದರೆ ಅಲಿಬಾಗ ಮುಗಿಯಿತೆಂದು ನಮ್ಮ ಎಣಿಕೆ. ಆದರೆ ಅದೇ ದಂಡೆಯ ಸಮೀಪದಲ್ಲಿ ಒಂದು ವೇಧಶಾಲೆಯಿದೆ. ನಮ್ಮ ತಲೆಯ ಮೇಲೆ ಸುಮಾರು 65 ಸಾವಿರ ಕಿಲೊಮೀಟರ್ ದೂರದಲ್ಲಿ ನಡೆಯುವ ಜಗಳವನ್ನು ಆ ಮನೆಯೊಳಗಿನ ಸೂಜಿಗಲ್ಲಿನ ಯಂತ್ರಗಳು ನೂರಿಪ್ಪತ್ತು ವರ್ಷಗಳಿಂದ ಬರೆದಿಡುತ್ತ ಬಂದಿವೆ. ಅದರ ವಿಷಯವನ್ನು ನಮ್ಮ ಸಂಘದ ವಾಚಕರಿಗೆ ನಾಲ್ಕು ಮಾತಿನಲ್ಲಿ ತಿಳಿಸಬೇಕೆಂದು ಈ ಲೇಖನ.

ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದಕ್ಕೆ ನಮ್ಮ ತಾಯಿಯವರು ಕಾರಣ. 2024ರ ಮೇ ತಿಂಗಳಲ್ಲಿ ಅವರು ಊರಿನಿಂದ ಫೋನು ಮಾಡಿ, “ಸೂರ್ಯನಿಂದ ಬಿರುಗಾಳಿ ಬರ್ತದಂತ ಟೀವಿಯೊಳಗ ಹೇಳ್ಲಿಕ್ಕತ್ತಾರ. ಹುಡುಗರನ್ನ ಹೊರಗ ಬಿಡಬ್ಯಾಡ್ರಿ” ಎಂದು ಎರಡೆರಡು ಸಲ ಎಚ್ಚರಿಸಿದರು. ಅಂಥದೇನೂ ಇಲ್ಲವೆಂದು ಸಮಾಧಾನ ಹೇಳಿದೆ. ಆದರೆ ಮೇ 10 ಮತ್ತು 11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಡರಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಧ್ರುವಪ್ರದೇಶದ ಜನರಿಗಷ್ಟೇ ಕಾಣಬೇಕಾದ ಬೆಳಕು ನಮ್ಮ ದೇಶದಲ್ಲಿಯೂ ಕಂಡಿತ್ತು. ಹಾಗಾದರೆ ಬಿರುಗಾಳಿ ಬಂದದ್ದು ನಿಜ. ಅದು ಎಲ್ಲಿ ತಡೆಯಿತು, ಎಷ್ಟು ಒಳಗೆ ಬಂತು, ಯಾರು ಅಳೆದರು ಎಂಬ ಪ್ರಶ್ನೆಗಳು ತಲೆಯಲ್ಲಿ ಉಳಿದುವು.

ಮರುವರ್ಷ ಜನವರಿಯಲ್ಲಿ ಸಂಘದ ಎಂಟು ಹತ್ತು ಮನೆಯವರು ಕೂಡಿ ಅಲಿಬಾಗಕ್ಕೆ ಹೋಗುವುದೆಂದು ಗೊತ್ತಾದಾಗ, ಈ ಪ್ರಶ್ನೆಗಳನ್ನೂ ಬುತ್ತಿಯೊಡನೆ ಕಟ್ಟಿಕೊಂಡು ಹೊರಟೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಮಾಸ್ತರರು ಜೊತೆಗೆ ಬರುವವರಿದ್ದುದು ನನ್ನ ಪುಣ್ಯ.

ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾಕ್ಕೆ ಲಾಂಚಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಚಳಿಗಾಲದಲ್ಲಿ ಬೆಳ್ಳಕ್ಕಿಗಳಂತೆ ಕಾಣುವ ಕಡಲಹಕ್ಕಿಗಳು ಹಿಂಡುಗಟ್ಟಿ ಲಾಂಚಿನ ಬೆನ್ನು ಹತ್ತುತ್ತವೆ. ಮಕ್ಕಳು ಅವುಗಳ ಗದ್ದಲದಲ್ಲಿ ಮೈಮರೆತಿದ್ದಾಗ ಮಾಸ್ತರರು ಬಲಗಡೆಯ ಭೂಶಿರವನ್ನು ತೋರಿಸಿ, “ಅದು ಕೊಲಾಬಾ. ನೀವು ನೋಡಲಿಕ್ಕೆ ಹೊರಟ ಕಥಿ ಅಲ್ಲಿಂದನ ಸುರು ಆಗ್ತದ” ಎಂದರು.

ಈಸ್ಟ್ ಇಂಡಿಯಾ ಕಂಪನಿಯವರು 1826ರಲ್ಲಿ ಕೊಲಾಬಾದಲ್ಲಿ ಒಂದು ವೇಧಶಾಲೆಯನ್ನು ಸ್ಥಾಪಿಸಿದರು. ಹಡಗುಗಳ ಗಡಿಯಾರಕ್ಕೆ ಸರಿಯಾದ ವೇಳೆ ತಿಳಿಸುವುದು, ನಕ್ಷತ್ರಗಳನ್ನು ನೋಡುವುದು ಅದರ ಮೊದಲ ಕೆಲಸ. 1841ರಿಂದ ಅಲ್ಲಿ ಭೂಮಿಯ ಕಾಂತಶಕ್ತಿಯನ್ನು ಅಳೆಯತೊಡಗಿದರು. ಮುಂದೆ ಪುಣೆಯಲ್ಲಿ ಗಣಿತಕ್ಕೆ ಹೆಸರಾಗಿ, ಲೋಕಮಾನ್ಯ ತಿಲಕರಿಗೆ ಪಾಠ ಹೇಳಿದ ಕೇರೂನಾನಾ ಛತ್ರೆಯವರು ಆ ಕಾಲದಲ್ಲಿ ಅಲ್ಲಿ ಸಹಾಯಕರಾಗಿದ್ದರು. ತೂಗುಬಿಟ್ಟ ಸೂಜಿಗಲ್ಲಿನ ಮುಳ್ಳು ಎಷ್ಟು ಸರಿಯಿತೆಂಬುದನ್ನು ಕಣ್ಣಿನಿಂದ ನೋಡಿ, ಗಂಟೆಗೊಮ್ಮೆ ಪಟ್ಟಿಯಲ್ಲಿ ಬರೆಯುವುದು ಸಹಾಯಕರ ಕೆಲಸ. ಮಳೆಯಿರಲಿ, ಹಬ್ಬವಿರಲಿ, ಮುಳ್ಳು ಅಲುಗದೆ ನಿಂತಿರಲಿ, ಗಂಟೆ ಬಾರಿಸಿದೊಡನೆ ಅಂಕಿ ಬರೆಯಲೇಬೇಕು.

ಮಾಂಡ್ವಾದಲ್ಲಿ ಇಳಿದೊಡನೆ ಲಾಂಚಿನವರ ಬಸ್ಸೇ ಅಲಿಬಾಗಕ್ಕೆ ಒಯ್ಯುತ್ತದೆ. ತೆಂಗು, ಅಡಿಕೆ, ಮಾವಿನ ತೋಟಗಳ ನಡುವಿನ ದಾರಿ; ನಮ್ಮ ಕರಾವಳಿಯ ಕಡೆಯ ಮನೆಯವರು “ಊರಿಗೇ ಬಂದಂತಾಯಿತು” ಎಂದು ಹಿಗ್ಗಿದರು. ದಂಡೆಗೆ ಬಂದರೆ ಎದುರಿಗೆ ನೀರಿನ ನಡುವೆ ಕುಲಾಬಾ ಕೋಟೆ. ಶಿವಾಜಿ ಮಹಾರಾಜರ ಕಾಲದಲ್ಲಿ ಕೆಲಸ ಸುರುವಾಗಿ, ಮುಂದೆ ಕಾನ್ಹೋಜಿ ಆಂಗ್ರೆಯ ನೌಕಾಬಲಕ್ಕೆ ನೆಲೆಯಾದ ಕೋಟೆಯಿದು. ಇಳಿತದ ವೇಳೆಗೆ ನಡೆದು ಹೋಗಬಹುದು. ಭರತ ಬಂತೆಂದರೆ ದೋಣಿಯೇ ಗತಿ. ಉಪ್ಪು ನೀರಿನ ನಡುವೆ ಇದ್ದರೂ ಕೋಟೆಯೊಳಗಿನ ಬಾವಿಯ ನೀರು ಸಿಹಿ. ಮುಂಬಯಿಯದು ಕೊಲಾಬಾ, ಇಲ್ಲಿಯದು ಕುಲಾಬಾ. 1981ರಲ್ಲಿ ರಾಯಗಡವೆಂದು ಹೆಸರು ಬದಲಾಗುವವರೆಗೆ ಈ ಜಿಲ್ಲೆಯ ಹೆಸರೂ ಕುಲಾಬಾ ಎಂದೇ ಇದ್ದಿತು. ಕೊಲಾಬಾದ ವೇಧಶಾಲೆ ಕುಲಾಬಾಕ್ಕೆ ಬಂದದ್ದು ಒಂದು ಯೋಗಾಯೋಗ.

ಅದು ಬಂದ ಬಗೆ ಹೀಗೆ. ಮುಂಬಯಿಯಲ್ಲಿ ಕುದುರೆಗಳು ಎಳೆಯುತ್ತಿದ್ದ ಟ್ರಾಮುಗಳನ್ನು ವಿದ್ಯುತ್ತಿನಿಂದ ನಡೆಸಬೇಕೆಂಬ ಯೋಜನೆ ಕಳೆದ ಶತಮಾನದ ಆರಂಭದಲ್ಲಿ ಮುಂದೆ ಬಂತು. ಹಳಿಗಳಿಂದ ನೆಲಕ್ಕೆ ಸೋರುವ ವಿದ್ಯುತ್ತು ಮುಳ್ಳನ್ನು ಕದಲಿಸಿದರೆ, ಅಳೆದದ್ದು ಭೂಮಿಯದೋ ಟ್ರಾಮಿನದೋ ಹೇಳುವುದು ಹೇಗೆ? ಆಗ ಕೊಲಾಬಾದ ನಿರ್ದೇಶಕರಾಗಿದ್ದವರು ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್, ಆ ಹುದ್ದೆಗೇರಿದ ಮೊದಲ ಭಾರತೀಯರು. ಅವರು ಅಲಿಬಾಗದಲ್ಲಿ ಜಾಗ ಹುಡುಕಿ, ಕಬ್ಬಿಣದ ಸೋಂಕಿಲ್ಲದ ಮನೆ ಕಟ್ಟಿಸಿದರು. ಪರೀಕ್ಷಿಸಿ ಆರಿಸಿದ ಪೋರ್‌ಬಂದರದ ಕಲ್ಲು. ಮೊಳೆ, ತಿರುಗಣಿಗಳೆಲ್ಲ ತಾಮ್ರ ಹಿತ್ತಾಳೆಯವು. 1904ರಲ್ಲಿ ಇಲ್ಲಿ ಕೆಲಸ ಆರಂಭವಾಯಿತು. ಅಷ್ಟಾದರೂ ಮೂಸ್ ಅವರು ಕೊಲಾಬಾದ ಬಾಗಿಲನ್ನು ಒಮ್ಮೆಲೇ ಮುಚ್ಚಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೇ ಅಳೆದು, ಅಲ್ಲಿಯ ಅಂಕಿಗೂ ಇಲ್ಲಿಯ ಅಂಕಿಗೂ ಹೊಂದಾಣಿಕೆ ಹಚ್ಚಿ, ಲೆಕ್ಕ ತುಂಡಾಗದಂತೆ ನೋಡಿಕೊಂಡರು. 1907ರ ಮೇ ತಿಂಗಳಲ್ಲಿ ವಿದ್ಯುತ್ ಟ್ರಾಮು ಓಡಿತು. ಅದೇ ಟ್ರಾಮು 1964ರ ಮಾರ್ಚ್ 31ರಂದು ಕೊನೆಯ ಓಟ ಓಡಿ ನಿಂತುಹೋಯಿತು. ಅದಕ್ಕೆ ಅಂಜಿ ಊರು ಬಿಟ್ಟು ಬಂದ ವೇಧಶಾಲೆ ಇನ್ನೂ ಅಳೆಯುತ್ತಿದೆ.

ಈಗ ಇದು ಭಾರತೀಯ ಭೂಕಾಂತತ್ವ ಸಂಸ್ಥೆಯ ಆಡಳಿತದಲ್ಲಿದೆ. ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಹೋಗದಿರುವುದೇ ಒಳ್ಳೆಯದು, ನಮ್ಮ ಕಿಸೆಯ ಬೀಗದ ಕೈ, ಫೋನುಗಳೆಲ್ಲ ಅಲ್ಲಿಗೆ ಉಪದ್ರವವೇ. ನಾನು ಹೊರಗಿನಿಂದಲೇ ನೋಡುತ್ತ ನಿಂತೆ. “ಅಲ್ರೀ, ಸಮುದ್ರ ನೋಡ್ಲಿಕ್ಕೆ ಬಂದು ಕಾಂಪೌಂಡ್ ಗ್ವಾಡಿ ನೋಡ್ಕೋತ ನಿಂತೀರಲ್ಲ!” ಎಂದು ನನ್ನ ಮನೆಯವಳು ನಕ್ಕಳು. ಮಗನು, “ಅಪ್ಪಾ, ಒಳಗ ಏನದ?” ಎಂದು ಕೇಳಿದ. ಮಾಸ್ತರರು ಅವನ ಕೈ ಹಿಡಿದು ಮರಳಿನ ಮೇಲೆ ಕರೆದೊಯ್ದರು. ನಾವೂ ಹಿಂದೆ ಹೋದೆವು.

ಅವರು ಹೇಳಿದ್ದರ ಸಾರಾಂಶವನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಸೂರ್ಯನಿಂದ ಎಲ್ಲ ಕಾಲದಲ್ಲಿಯೂ ಒಂದು ಗಾಳಿ ಬೀಸುತ್ತಿರುತ್ತದೆ. ಇದನ್ನು ಸೌರಮಾರುತವೆನ್ನುತ್ತಾರೆ. ನಮ್ಮ ಗಾಳಿಯಂತೆ ಇದರಲ್ಲಿ ಇಡೀ ಪರಮಾಣುಗಳಿಲ್ಲ. ಒಡೆದ ಪರಮಾಣುಗಳ ಚೂರುಗಳಾದ ಪ್ರೋಟಾನು, ಎಲೆಕ್ಟ್ರಾನುಗಳಿವೆ. ವಿದ್ಯುತ್ತು ಹೊತ್ತ ಇಂಥ ಕಣಗಳ ರಾಶಿಗೆ ಪ್ಲಾಸ್ಮಾ ಎಂದು ಹೆಸರು. ಸೆಕೆಂಡಿಗೆ ಸುಮಾರು 400 ಕಿಲೊಮೀಟರ್ ವೇಗದಲ್ಲಿ ಹೊರಟು, 15 ಕೋಟಿ ಕಿಲೊಮೀಟರ್ ದಾರಿಯನ್ನು ನಾಲ್ಕು ದಿನಗಳಲ್ಲಿ ದಾಟಿ ಇದು ಭೂಮಿಯ ಕಡೆಗೆ ಬರುತ್ತದೆ. ಬರುವಾಗ ಸೂರ್ಯನ ಕಾಂತಶಕ್ತಿಯ ಎಳೆಗಳನ್ನೂ ಹೊತ್ತು ತರುತ್ತದೆ.

ಭೂಮಿಯೂ ಒಂದು ದೊಡ್ಡ ಸೂಜಿಗಲ್ಲು. ಅದರ ಕಾಂತರೇಖೆಗಳು ಆಕಾಶದಲ್ಲಿ ಬಹುದೂರ ಚಾಚಿ ಈ ಗಾಳಿಯನ್ನು ಅಡ್ಡಗಟ್ಟುತ್ತವೆ. ಸೂರ್ಯನ ಕಡೆಗೆ, ಭೂಮಿಯ ನಡುಬಿಂದುವಿನಿಂದ ಭೂಮಿಯಂಥ ಐದು ಗೋಲಗಳನ್ನು ಸಾಲಾಗಿ ಇಟ್ಟಷ್ಟು ದೂರದಲ್ಲಿ, ಎರಡರ ಒತ್ತಡ ಸಮವಾಗುತ್ತದೆ. ಅದೇ ನಮ್ಮ ಕಾಂತವಲಯದ ಅಂಚು. ರಾತ್ರಿಯ ಕಡೆಗೆ ಈ ವಲಯ ಧೂಮಕೇತುವಿನ ಬಾಲದಂತೆ ಚಂದ್ರನ ದಾರಿಯನ್ನೂ ದಾಟಿ ಎಳೆದುಕೊಂಡು ಹೋಗಿದೆ.

“ಅಂದ್ರ ಭೂಮಿಗೆ ಗ್ವಾಡಿ ಅದ ಅಂದಂಗಾತು?” ಎಂದ ಮಗ.

“ಗ್ವಾಡಿ ಅಲ್ಲೋ ತಮ್ಮಾ, ಹೊಸ್ತಿಲಾ. ಗ್ವಾಡಿ ಯಾವಾಗ್ಲೂ ಮುಚ್ಚಿರ್ತದ, ಹೊಸ್ತಿಲದ ಮ್ಯಾಲ ಬಾಗಿಲಾ ತಗಿತದ, ಹಾಕ್ತದ” ಎಂದರು ಮಾಸ್ತರರು.

ಬಾಗಿಲು ತೆರೆಯುವ ಬಗೆಯನ್ನು ಅವರು ಕೋಲಿನಿಂದ ಮರಳಿನಲ್ಲಿ ಬರೆದು ತೋರಿಸಿದರು. ಹೊಸ್ತಿಲಿನಲ್ಲಿ ಭೂಮಿಯ ಕಾಂತರೇಖೆ ದಕ್ಷಿಣದಿಂದ ಉತ್ತರಕ್ಕೆ ಮುಖ ಮಾಡಿರುತ್ತದೆ. ಸೌರಮಾರುತ ತಂದ ರೇಖೆಯೂ ಉತ್ತರಕ್ಕೇ ಮುಖ ಮಾಡಿದ್ದರೆ ಗಾಳಿಯ ಬಹುಭಾಗ ಪಕ್ಕಕ್ಕೆ ಜಾರಿ ಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ್ದರೆ ಎರಡು ವಿರುದ್ಧ ರೇಖೆಗಳು ಎದುರುಬದುರಾಗಿ ಒತ್ತರಿಸುತ್ತವೆ. ಮಾಸ್ತರರು ಎರಡು ವಿರುದ್ಧ ಬಾಣಗಳನ್ನು ಬರೆದು, ನಡುವಿನ ಮರಳನ್ನು ಕೈಯಿಂದ ಅಳಿಸಿ, ಇದರ ತುದಿಯನ್ನು ಅದಕ್ಕೂ ಅದರ ತುದಿಯನ್ನು ಇದಕ್ಕೂ ಕೂಡಿಸಿದರು. ಎರಡು ನೆಟ್ಟನೆಯ ಗೆರೆಗಳ ಬದಲು ಬಾಗಿದ ಎರಡು ಬಿಲ್ಲುಗಳಾದವು. ಬಾಗಿದ ಬಿಲ್ಲು ಸುಮ್ಮನಿದ್ದೀತೆ? ನೆಟ್ಟಗಾಗಲು ಚಿಮ್ಮುತ್ತದೆ, ಚಿಮ್ಮುವಾಗ ಕಣಗಳನ್ನು ಬಾಣದಂತೆ ಎರಡೂ ಕಡೆ ಎಸೆಯುತ್ತದೆ. ಇದಕ್ಕೆ ಕಾಂತರೇಖೆಗಳ ಮರುಜೋಡಣೆ ಎಂದು ಹೆಸರು. ಹೀಗೆ ಕೂಡಿದ ರೇಖೆಯ ಒಂದು ತುದಿ ಭೂಮಿಯಲ್ಲಿ, ಇನ್ನೊಂದು ತುದಿ ಸೂರ್ಯನ ಗಾಳಿಯಲ್ಲಿ. ಗಾಳಿ ಅದನ್ನು ಬಾಲದ ಕಡೆಗೆ ಸೆಳೆದೊಯ್ಯುತ್ತದೆ. ಅಲ್ಲಿ ಎರಡನೆಯ ಸಲ ಮರುಜೋಡಣೆಯಾಗಿ, ಕೂಡಿಬಿದ್ದ ಶಕ್ತಿ ಭೂಮಿಯ ಕಡೆಗೆ ನುಗ್ಗುತ್ತದೆ. ಧ್ರುವಗಳ ಆಕಾಶ ಬೆಳಗುವುದು ಆಗ. ಇಂಗ್ಲೆಂಡಿನ ಜೇಮ್ಸ್ ಡಂಜಿ 1961ರಲ್ಲಿ ಈ ವಿಚಾರವನ್ನು ಮಂಡಿಸಿದರು. ಎಸೆಯಲ್ಪಟ್ಟ ಕಣಗಳ ಧಾರೆಯನ್ನು ಅಂಚಿನಲ್ಲಿಯೇ ಉಪಗ್ರಹಗಳು ಕಂಡ ವರದಿ ಬಂದದ್ದು 1979ರಲ್ಲಿ.

ಆದರೆ ಒಂದು ಗಂಟು ಬಿಡಿಸಬೇಕಾಗಿತ್ತು. ಆ ಬಯಲಿನಲ್ಲಿ ಕಣಗಳು ಎಷ್ಟು ವಿರಳವೆಂದರೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪ. ತಿಕ್ಕಾಟವಿಲ್ಲದೆ ರೇಖೆಗಳು ತುಂಡಾಗುವುದು ಹೇಗೆ? ಇಲ್ಲಿ ಅಲೆಗಳ ಮಾತು ಬರುತ್ತದೆ. ಕಾಂತರೇಖೆ ಬಿಗಿದ ತಂಬೂರಿಯ ತಂತಿಯ ಹಾಗೆ. ಮೀಟಿದರೆ ಅದರುದ್ದಕ್ಕೂ ಕಂಪನ ಹರಿಯುತ್ತದೆ. ಸ್ವೀಡನ್ನಿನ ಹಾನೆಸ್ ಆಲ್ಫ್‌ವೆನ್ 1942ರಲ್ಲಿ ಇದನ್ನು ಹೇಳಿದಾಗ ನಂಬಿದವರು ಕಡಿಮೆ. 1970ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ನಮ್ಮ ಲಾಂಚು ದಾಟಿ ಬಂದ ನೀರಿನ ಮೇಲೆ ಗಾಳಿ ಅಲೆಯೆಬ್ಬಿಸುವಂತೆ ಕಾಂತವಲಯದ ಪಕ್ಕೆಗಳ ಮೇಲೂ ಸೌರಮಾರುತ ಸಾವಿರಾರು ಕಿಲೊಮೀಟರ್ ಉದ್ದದ ಅಲೆಗಳನ್ನು ಎಬ್ಬಿಸುತ್ತದೆ. ಇವಲ್ಲದೆ ಸೆಕೆಂಡಿಗೆ ಕೆಲವು ಸಲದಿಂದ ಸಾವಿರಾರು ಸಲ ಮಿಡಿಯುವ ಸಣ್ಣ ಅಲೆಗಳೂ ಆ ಹೊಸ್ತಿಲಿನಲ್ಲಿ ತುಂಬಿವೆ. ಕಣಕ್ಕೆ ಕಣ ತಾಕದಿದ್ದರೂ ಅಲೆಯು ಕಣಗಳನ್ನು ನೂಕಬಲ್ಲದು, ಗೆರೆ ದಾಟಿಸಿ ಒಳಗೆ ತರಬಲ್ಲದು. ಈ ಅಲೆಗಳನ್ನು ಆಳವಾಗಿ ಅಭ್ಯಾಸ ಮಾಡಿದವರಲ್ಲಿ ಇದೇ ಭೂಕಾಂತತ್ವ ಸಂಸ್ಥೆಯ ನಿರ್ದೇಶಕರಾಗಿದ್ದ ಗುರುಬಕ್ಷ್ ಸಿಂಗ್ ಲಖೀನ ಅವರೂ ಒಬ್ಬರು.

ಕೊನೆಗೆ ಅಮೇರಿಕೆಯವರು 2015ರ ಮಾರ್ಚಿನಲ್ಲಿ ಒಂದೇ ಬಗೆಯ ನಾಲ್ಕು ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದರು. ನಾಲ್ಕು ಮೂಲೆಯ ಗೋಪುರದಂತೆ, ಹತ್ತಾರು ಕಿಲೊಮೀಟರ್ ಅಂತರದಲ್ಲಿ ಅವು ಜೊತೆಯಾಗಿ ಸಾಗುತ್ತ, ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕೊಮ್ಮೆ ಎಲೆಕ್ಟ್ರಾನುಗಳನ್ನು ಅಳೆಯಬಲ್ಲವು. ಅದೇ ವರ್ಷ ಅಕ್ಟೋಬರ್ 16ರಂದು ಅವು ಮರುಜೋಡಣೆಯ ನಟ್ಟನಡುವೆಯೇ ಹಾದುಹೋದವು. ಸಾವಿರಾರು ಕಿಲೊಮೀಟರ್ ಹರಹಿನ ಬಾಗಿಲನ್ನು ತೆರೆಯುವ ಚಿಲಕ ಕೆಲವೇ ಕಿಲೊಮೀಟರ್ ದಪ್ಪದ ಪದರದಲ್ಲಿದೆಯೆಂದೂ, ಅಲ್ಲಿ ಎಲೆಕ್ಟ್ರಾನುಗಳೇ ಕಾಂತರೇಖೆಯ ಹಿಡಿತ ಬಿಟ್ಟು ಬೇರೆಯಾಗುತ್ತವೆಂದೂ ಆಗ ಕಂಡಿತು.

ಅಷ್ಟು ದೂರದ ಸಂಗತಿ ಅಲಿಬಾಗದ ಕಲ್ಲಿನ ಮನೆಗೆ ತಿಳಿಯುವುದು ಹೇಗೆಂದು ನೀವು ಕೇಳಬಹುದು. ಸೂರ್ಯನಿಂದ ದೊಡ್ಡ ಹೊಡೆತ ಬಂದು ಅಂಚಿಗೆ ಬಡಿದೊಡನೆ ಅಲ್ಲಿ ಹರಿಯುವ ವಿದ್ಯುತ್ತು ಹೆಚ್ಚುತ್ತದೆ. ಒಂದೆರಡು ನಿಮಿಷಗಳಲ್ಲಿ ಅಲಿಬಾಗದ ಅಂಕಿ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಬಾಗಿಲು ತೆರೆದು ಕಣಗಳು ಒಳನುಗ್ಗಿದರೆ ಅವು ಭೂಮಿಯ ಸುತ್ತ ಉಂಗುರದಂತೆ ಹರಿಯುತ್ತವೆ. ಆ ಉಂಗುರದ ಕಾಂತಶಕ್ತಿ ಭೂಮಿಯದಕ್ಕೆ ವಿರುದ್ಧವಾದುದರಿಂದ ಅಂಕಿ ಕುಸಿಯುತ್ತದೆ. ಮತ್ತೆ ಮೊದಲಿನಂತಾಗಲು ಕೆಲವು ದಿನಗಳು ಬೇಕು. ಮೊದಲು ಏರು, ಆಮೇಲೆ ಕುಸಿತ, ಅನಂತರ ನಿಧಾನದ ಚೇತರಿಕೆ: ಬಿರುಗಾಳಿಯ ಈ ನಡಾವಳಿಯನ್ನು ಮೂಸ್ ಅವರು ಉಪಗ್ರಹಗಳ ಹೆಸರೇ ಇಲ್ಲದ ಕಾಲದಲ್ಲಿ, ಹಳೆಯ ಪಟ್ಟಿಗಳನ್ನು ರಾಶಿ ಹಾಕಿಕೊಂಡು ಕೂತು ಗುರುತಿಸಿದರು. 1846ರಿಂದ 1905ರವರೆಗಿನ ಕೊಲಾಬಾದ ಲೆಕ್ಕವೆಲ್ಲ 1910ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು.

ನಾನು ಕಚೇರಿಯ ದಫ್ತರ ವಿಭಾಗದ ಕಾರಕೂನ. ಆವಕ ಜಾವಕ ನೋಂದಣಿ ಪುಸ್ತಕಗಳ ನಡುವೆ ನನ್ನ ದಿನ ಕಳೆಯುತ್ತದೆ. “ಇದನ್ನೆಲ್ಲ ಯಾವ ಕಾಲಕ್ಕೆ ಯಾರು ನೋಡುವವರು?” ಎಂದು ಹೊಸದಾಗಿ ಸೇರಿದ ಹುಡುಗರು ಕೇಳುವುದುಂಟು. ಆದುದರಿಂದ ಮಾಸ್ತರರು ಕೊನೆಗೆ ಹೇಳಿದ ಸಂಗತಿ ನನ್ನ ಮನಸ್ಸಿಗೆ ಬಹಳ ಹತ್ತಿತು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಲಜ್ಞರು ಸೂರ್ಯನ ಕಲೆಗಳನ್ನು ಚಿತ್ರಿಸುತ್ತಿದ್ದಾಗ ಅಲ್ಲಿ ಕಣ್ಣು ಕುಕ್ಕುವ ಬೆಳಕೊಂದು ಹೊಳೆದು ಆರಿತು. ನಾಲ್ಕು ದಿನಗಳ ದಾರಿಯನ್ನು ಆ ಸ್ಫೋಟದ ಹೊಡೆತ 17 ಗಂಟೆ 40 ನಿಮಿಷಗಳಲ್ಲಿ ದಾಟಿ ಬಂತು. ಅಮೇರಿಕೆಯಲ್ಲಿ ತಂತಿ ಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿಯುತ್ತಿದ್ದ ವಿದ್ಯುತ್ತಿನಿಂದಲೇ ಸುದ್ದಿ ಕಳಿಸಿದರು. ಕ್ಯೂಬಾದವರೆಗೂ ಆಕಾಶ ಬೆಳಗಿತು. ಲಂಡನ್ನಿನ ಬಳಿಯ ಕ್ಯೂ ವೇಧಶಾಲೆಯಲ್ಲಿ ಗೆರೆ ಕಾಗದದ ಅಂಚನ್ನೇ ದಾಟಿಹೋಯಿತು. ಕೊಲಾಬಾದಲ್ಲಿ ಅದು ಸೆಪ್ಟೆಂಬರ್ 2ರ ಹಗಲು. ಗಂಟೆಗೊಮ್ಮೆ ನೋಡುತ್ತಿದ್ದವರು ಮುಳ್ಳಿನ ಆಟ ಕಂಡು ಹದಿನೈದು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ ನೋಡಿ ಬರೆಯತೊಡಗಿದರು. 38 ಸಾವಿರದ ಸುಮಾರಿಗೆ ಇರುವ ಇಲ್ಲಿಯ ಕಾಂತಶಕ್ತಿ ಒಂದು ಗಳಿಗೆಯಲ್ಲಿ ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ಆ ಪಟ್ಟಿಯಲ್ಲಿ ಉಳಿಯಿತು. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲೋಕದ ಸರಾಸರಿ ಕುಸಿತ ಸುಮಾರು 400. ಕ್ಷಣದ ಅಳತೆಗೂ ಗಂಟೆಯ ಸರಾಸರಿಗೂ ನೇರ ಹೋಲಿಕೆ ಸಲ್ಲದಾದರೂ, 1859ರದು ಎಷ್ಟು ದೊಡ್ಡದೆಂದು ಊಹಿಸಬಹುದು.

ಆ ಪಟ್ಟಿ 144 ವರ್ಷ ಕಾದಿತು. ಲಖೀನ ಅವರೂ ಅವರ ಸಹೋದ್ಯೋಗಿ ಎಸ್. ಅಲೆಕ್ಸ್ ಅವರೂ ಅಮೇರಿಕ, ಬ್ರೆಜಿಲ್ ದೇಶಗಳ ವಿಜ್ಞಾನಿಗಳೊಡನೆ ಕೂಡಿ, 2003ರಲ್ಲಿ ಅದೇ ಅಂಕಿಗಳ ಆಧಾರದಿಂದ ಆ ಬಿರುಗಾಳಿಯ ಬಲವನ್ನು ಲೆಕ್ಕ ಹಾಕಿದರು. ಇದು ಬರಿಯ ಪಾಂಡಿತ್ಯದ ಮಾತಲ್ಲ. 1989ರ ಮಾರ್ಚ್ 13ರಂದು ಅದಕ್ಕಿಂತ ಸಣ್ಣ ಬಿರುಗಾಳಿಯೇ ಕೆನಡಾದ ಕ್ವಿಬೆಕ್ ಪ್ರಾಂತದ ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆಗಳ ಕಾಲ ಕತ್ತಲೆಯಲ್ಲಿ ಇಟ್ಟಿತು. ವಿದ್ಯುತ್ ಜಾಲ, ಉಪಗ್ರಹಗಳನ್ನು ಎಷ್ಟು ಬಲವಾಗಿ ಕಟ್ಟಬೇಕು, ಎಂಥದಕ್ಕೆ ಅಂಜಬೇಕು ಎಂದು ಲೆಕ್ಕ ಹಾಕುವವರು ಇಂದಿಗೂ ಕೊಲಾಬಾದ ಆ ಒಂದು ಹಗಲಿನ ಅಂಕಿಗಳನ್ನು ತೆಗೆದು ನೋಡುತ್ತಾರೆ. ಐದು ನಿಮಿಷಕ್ಕೊಮ್ಮೆ ಎದ್ದು ಮುಳ್ಳು ನೋಡಿದವರು ತಮ್ಮ ದಿನದ ಕೆಲಸವನ್ನಷ್ಟೇ ಮಾಡಿದ್ದರು.

ಈಗ ಬಾಗಿಲು ತೆರೆಯುವ ಮೊದಲೇ ಸುಳಿವು ಹಿಡಿಯುವ ಪ್ರಯತ್ನ ನಡೆದಿದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ನಮ್ಮ ಆದಿತ್ಯ-ಎಲ್1, 2024ರ ಜನವರಿ 6ರಂದು ಸೂರ್ಯನ ದಿಕ್ಕಿನಲ್ಲಿ 15 ಲಕ್ಷ ಕಿಲೊಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಬರುವ ಗಾಳಿಯ ಕಾಂತಮುಖ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂದು ಅಳೆಯುವ ಅದರ ಯಂತ್ರ ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿ ಹಾದ ಗಾಳಿ ಭೂಮಿಗೆ ಮುಟ್ಟಲು ಸಾಮಾನ್ಯವಾಗಿ ಒಂದು ಗಂಟೆಯಾದರೂ ಹಿಡಿಯುತ್ತದೆ. ಅಗಸೆಯಲ್ಲಿ ನಿಂತ ಓಲೆಕಾರನಂತೆ ಅದು ಸುದ್ದಿ ಕಳಿಸಬಲ್ಲದು. ಅಂದ ಹಾಗೆ, ನಮ್ಮ ತಾಯಿಯವರಿಗೆ ನಾನು ಕೊಟ್ಟ ಉತ್ತರ ಇದು: ಗಾಳಿ ಬಂದರೂ ಮಕ್ಕಳು ಅಂಗಳದಲ್ಲಿ ಆಡಬಹುದು, ನೆಲದ ಮೇಲಿರುವವರನ್ನು ವಾತಾವರಣ ಕಾಯುತ್ತದೆ. ಅಪಾಯವೇನಿದ್ದರೂ ತಂತಿಗಳಿಗೆ, ಉಪಗ್ರಹಗಳಿಗೆ.

ಅಲಿಬಾಗಕ್ಕೆ ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಗೇಟ್‌ವೇಯಿಂದ ಲಾಂಚು ಇರುವುದಿಲ್ಲ. ದೀಪಾವಳಿಯ ತರುವಾಯ ಹೋಗುವುದು ಲೇಸು. ಇಳಿತದ ವೇಳೆ ವಿಚಾರಿಸಿಕೊಂಡು ಕೋಟೆಗೆ ಹೋಗಿ, ಗಣಪತಿಯ ದರ್ಶನ ಮಾಡಿ, ಸಿಹಿನೀರಿನ ಬಾವಿಯನ್ನು ಮಕ್ಕಳಿಗೆ ತೋರಿಸಿರಿ. ತಿರುಗಿ ಬರುವಾಗ ವೇಧಶಾಲೆಯ ಮುಂದೆ ಐದು ನಿಮಿಷ ನಿಂತುಕೊಳ್ಳಿರಿ. ಹೊರಗಿನಿಂದ ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ಆದರೆ ನೀವು ನಿಂತಿರುವ ಆ ಐದು ನಿಮಿಷಗಳ ಅಂಕಿಗಳೂ ಒಳಗೆ ದಾಖಲಾಗುತ್ತಿರುತ್ತವೆ. ಯಾವ ಕಾಲಕ್ಕೆ, ಯಾವ ಊರಿನವರಿಗೆ ಅವು ಬೇಕಾದಾವೋ!